ಲೆಕ್ಕ ಬಾರದ ಹುಡುಗನೂ ಕೊಂಡಜ್ಜಿಯ ಕೆರೆಯ ದಂಡೆಯೂ

ಪರೀಕ್ಷೆಯ ಅಂಕಪಟ್ಟಿಯು ಮನೆಗೆ ಬಂದ ಸಂಜೆ ಸಂಸಾರಸ್ಥರ ಮನೆಗಳಲ್ಲಿ ನಡೆಯುವ ಮಾತುಕತೆಯು ವಾಚಕರಿಗೆ ಹೊಸದೇನೂ ಅಲ್ಲ. ಕನ್ನಡದಲ್ಲಿ ಹುಡುಗನು ಚೆನ್ನಾಗಿಯೇ ಮಾಡಿರುತ್ತಾನೆ, ಸಮಾಜವಿಜ್ಞಾನದಲ್ಲಿಯೂ ದೋಷವಿಲ್ಲ, ಗಣಿತ ಮತ್ತು ವಿಜ್ಞಾನಗಳ ಎದುರಿಗಿರುವ ಅಂಕಿಗಳ ಕೆಳಗೆ ಮಾತ್ರ ಕೆಂಪು ಗೆರೆ. ತಂದೆಯು ಏನೂ ಆಡದೆ ಪಟ್ಟಿಯನ್ನು ಮಡಿಸಿಡುತ್ತಾನೆ. ತಾಯಿಯು ನೆರೆಮನೆಯ ಹುಡುಗನ ಅಂಕಗಳನ್ನು ನೆನೆಯುತ್ತಾಳೆ. ಕೊನೆಗೆ ಯಾರಾದರೊಬ್ಬ ಹಿರಿಯರು "ಲೆಕ್ಕ ಇವನ ತಲೆಗೆ ಹತ್ತುವುದಿಲ್ಲ, ಬಿಡಿ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹುಡುಗನು ತಲೆ ತಗ್ಗಿಸಿ ಅದನ್ನು ಕೇಳುತ್ತಾನೆ, ಕೇಳಿ ನಂಬುತ್ತಾನೆ. ಕಳೆದುಹೋದ ಅಂಕಗಳಿಗಿಂತ ಈ ನಂಬಿಕೆಯೇ ದೊಡ್ಡ ನಷ್ಟವೆಂಬುದನ್ನು ನಾವು ಬಹಳ ತಡವಾಗಿ ತಿಳಿದೆವು. ಆ ತೀರ್ಪನ್ನು ನಮ್ಮ ಮನೆಯಲ್ಲಿ ಕೊಟ್ಟವರು ನಾವೇ ಆಗಿದ್ದುದರಿಂದ, ಅದನ್ನು ಹಿಂತೆಗೆದುಕೊಂಡ ಬಗೆಯನ್ನೂ ಗೃಹಸ್ಥರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನಕ್ಕೆ ತೊಡಗಿದ್ದೇವೆ.

ಹುಡುಗನು ನಮ್ಮ ತಮ್ಮನ ಮಗ. ೨೦೨೪-೨೫ನೆಯ ಸಾಲಿನಲ್ಲಿ ಅವನು ಒಂಬತ್ತನೆಯ ತರಗತಿಯಲ್ಲಿದ್ದನು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ೮೦ಕ್ಕೆ ೧೩ ಅಂಕಗಳು ಬಂದುವು. ವಿಜ್ಞಾನದಲ್ಲಿಯೂ ಹೆಚ್ಚು ಕಡಮೆ ಅದೇ ಗತಿ. ನಾವು ಮಾಡಬಹುದಾದುದನ್ನೆಲ್ಲ ಮಾಡಿದೆವೆಂದು ಆಗ ತಿಳಿದಿದ್ದೆವು. ಒಂದು ಮನೆಪಾಠ ಸಾಲದೆಂದು ಎರಡಕ್ಕೆ ಸೇರಿಸಿದೆವು. ಸೂತ್ರಗಳನ್ನು ಬರೆಯಿಸಿ ಗೋಡೆಗೆ ಅಂಟಿಸಿದೆವು. ಗದರಿಸಿದೆವು, ಒಂದೆರಡು ಸಲ ಕೈಯನ್ನೂ ಮಾಡಿದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. ಫಲವು ಶೂನ್ಯ. ಹತ್ತನೆಯ ತರಗತಿ ಹೇಗಾದರೂ ಮುಗಿದ ಮೇಲೆ ಹುಡುಗನನ್ನು ಅಂಗಡಿಯಲ್ಲಿ ಕೂರಿಸುವುದೆಂದು ತಮ್ಮನು ನಿಶ್ಚಯಿಸಿದನು. ಅಂಗಡಿಯ ಕೆಲಸವು ಕೀಳೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಅತ್ಯಾಸಕ್ತಿಯುಳ್ಳ ಹುಡುಗನಿಗೆ ಆ ದಾರಿಯ ಬಾಗಿಲು ಒಂದು ವಿಷಯದ ದೆಸೆಯಿಂದ ಮುಚ್ಚಿಹೋಗುವುದನ್ನು ನೋಡಿ ಸುಮ್ಮನಿರುವುದು ಕಷ್ಟವಾಯಿತು.

ಹೀಗಿರುವಲ್ಲಿ ೨೦೨೫ರ ಫೆಬ್ರವರಿಯ ಒಂದು ಭಾನುವಾರ ಮನೆಯವರೆಲ್ಲರೂ ಬುತ್ತಿ ಕಟ್ಟಿಕೊಂಡು ಕೊಂಡಜ್ಜಿಗೆ ಹೋದೆವು. ಕೊಂಡಜ್ಜಿಯು ಹರಿಹರ ತಾಲ್ಲೂಕಿನ ಗ್ರಾಮ. ದಾವಣಗೆರೆಯಿಂದಲೂ ಹರಿಹರದಿಂದಲೂ ಅರ್ಧ ದಿನದಲ್ಲಿ ಸುಖವಾಗಿ ಹೋಗಿಬರಬಹುದಾದಷ್ಟು ಸಮೀಪ. ೧೯೭೭ರಲ್ಲಿ ದಾವಣಗೆರೆ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಹೋದ ಕೊಂಡಜ್ಜಿ ಬಸಪ್ಪನವರ ಹೆಸರಿನೊಡನೆ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತ. ಕೆರೆ, ಗುಡ್ಡ, ಮರಗಳ ನೆರಳು ಇವುಗಳ ನಡುವೆ ಸ್ಕೌಟು ಗೈಡುಗಳ ಶಿಬಿರವೂ ಇಲ್ಲಿರುವುದರಿಂದ, ಸಮವಸ್ತ್ರ ತೊಟ್ಟು ಕೊರಳಿಗೆ ವಸ್ತ್ರ ಕಟ್ಟಿದ ಮಕ್ಕಳ ಓಡಾಟಕ್ಕೆ ಈ ದಂಡೆಯು ಹೊಸದಲ್ಲ.

ಸ್ಕೌಟು ವಿದ್ಯೆಯೆಂದರೆ ಗಂಟು ಹಾಕುವುದು, ಡೇರೆ ಹೂಡುವುದು ಇಷ್ಟೇ ಎಂದು ಅನೇಕರ ಎಣಿಕೆ. ಬೇಡನ್ ಪೊವೆಲ್ಲರು ೧೯೦೮ರಲ್ಲಿ ಬಾಲಕರಿಗಾಗಿ ಬರೆದ ಗ್ರಂಥದ ಕಾಲದಿಂದಲೂ, ಹತ್ತದೆಯೇ ಮರದ ಎತ್ತರವನ್ನೂ ದಾಟದೆಯೇ ಹೊಳೆಯ ಅಗಲವನ್ನೂ ಅಂದಾಜು ಮಾಡುವುದು ಆ ಶಿಕ್ಷಣದ ಒಂದು ಅಂಗವಾಗಿದೆ. ನಾವು ಬಾಲ್ಯದಲ್ಲಿ ಕಲಿತಿದ್ದ ಆ ಉಪಾಯವು ಅಲ್ಲಿ ನೆನಪಿಗೆ ಬಂದಿತು. ನೆಲದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಬೇಕು, ಅದರ ನೆರಳನ್ನೂ ಮರದ ನೆರಳನ್ನೂ ಅದೇ ಹೊತ್ತಿನಲ್ಲಿ ಅಳೆಯಬೇಕು, ಉಳಿದುದು ಲೆಕ್ಕ. ಹುಡುಗನು ಉತ್ಸಾಹದಿಂದ ಎದ್ದನು. ಹನ್ನೊಂದು ಗಂಟೆಯ ಬಿಸಿಲು. ಕೋಲಿನ ಉದ್ದ ೧ ಮೀಟರು, ಎಂದರೆ ೧೦೦ ಸೆಂಟಿಮೀಟರು. ಅದರ ನೆರಳು ೭೫ ಸೆಂಟಿಮೀಟರು. ಮರದ ನೆರಳು ೯ ಮೀಟರು.

"ಹಾಗಾದರೆ ಮರದ ಎತ್ತರ ಎಷ್ಟಪ್ಪಾ?" ಎಂದು ಕೇಳಿದೆವು.

"ಒಂಬತ್ತೂಕಾಲು ಮೀಟರು, ದೊಡ್ಡಪ್ಪ" ಎಂದನು ಹುಡುಗ, ತಡವರಿಸದೆ.

ನಮ್ಮ ರೂಢಿಯಂತೆ "ತಪ್ಪು" ಎನ್ನುವುದರಲ್ಲಿದ್ದೆವು. ಅಂದು ಯಾವ ಪುಣ್ಯದಿಂದಲೋ ನಾಲಗೆಯನ್ನು ತಡೆದು, "ಹೇಗೆ ಬಂತು, ಹೇಳು" ಎಂದೆವು. ಹುಡುಗನು ವಿವರಿಸಿದನು: "ಕೋಲು ನೆರಳಿಗಿಂತ ಇಪ್ಪತ್ತೈದು ಸೆಂಟಿಮೀಟರು ಉದ್ದ ಐತಿ. ಅಂದಮ್ಯಾಲೆ ಮರಾನೂ ತನ್ನ ನೆರಳಿಗಿಂತ ಅಷ್ಟೇ ಉದ್ದ ಇರಬೇಕಲ್ಲ?"

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇವೆ. ಈ ಉತ್ತರವು ತಪ್ಪು, ನಿಜ. ಆದರೆ ದಡ್ಡತನದ ಉತ್ತರವಲ್ಲ. ಇದರಲ್ಲಿ ಅಳತೆಯಿದೆ, ಹೋಲಿಕೆಯಿದೆ, ಒಂದು ನಿಯಮವಿದೆ. ಹುಡುಗನು ಯೋಚಿಸದೆ ಇದ್ದವನಲ್ಲ. ಗುಣಿಸಿ ಹೋಲಿಸಬೇಕಾದಲ್ಲಿ ಕೂಡಿಸಿ ಹೋಲಿಸಿದವನು. ಅನುಪಾತವನ್ನು ಹೊಸದಾಗಿ ಕಲಿಯುವ ಮಕ್ಕಳಲ್ಲಿ ಈ ತಪ್ಪು ಬಹು ಸಾಮಾನ್ಯವಾದುದೆಂದು ಗಣಿತ ಶಿಕ್ಷಣವನ್ನು ಪರಿಶೀಲಿಸಿದ ದೇಶವಿದೇಶದ ವಿದ್ವಾಂಸರು ಕಂಡುಕೊಂಡಿದ್ದಾರೆ. ಎರಡು ಮನೆಪಾಠಗಳಲ್ಲಿ ಇದು ಹೊರಬೀಳಲಿಲ್ಲವೇಕೆಂದರೆ, ಅವನ ಉತ್ತರವನ್ನು ತಿದ್ದಿದವರು ಹಲವರು. ಉತ್ತರವು ಹೇಗೆ ಬಂತೆಂದು ಕೇಳಿದವರು ಯಾರೂ ಇರಲಿಲ್ಲ.

ನಾವು ಅವನ ನಿಯಮವನ್ನು ಅಲ್ಲಗಳೆಯಲಿಲ್ಲ. ಅರ್ಧ ಮೀಟರಿನ ಇನ್ನೊಂದು ಕೋಲನ್ನು ಅವನ ಕೈಗೆ ಕೊಟ್ಟು, "ನಿನ್ನ ನಿಯಮದಂತೆ ಇದರ ನೆರಳು ಎಷ್ಟಿರಬೇಕು?" ಎಂದು ಕೇಳಿದೆವು. "ಐವತ್ತರಲ್ಲಿ ಇಪ್ಪತ್ತೈದು ಹೋದರೆ ಇಪ್ಪತ್ತೈದು" ಎಂದು ಹೇಳಿ ಕೋಲನ್ನು ನಿಲ್ಲಿಸಿ ಅಳೆದನು. ನೆರಳು ಮೂವತ್ತೇಳೂವರೆ. ಮತ್ತೆ ಅಳೆದನು, ಅಷ್ಟೇ. ಅವನ ಮುಖದಲ್ಲಿ ಆಗ ಕಂಡ ಆಶ್ಚರ್ಯವನ್ನು ನಾವು ಅದಕ್ಕೆ ಮೊದಲು ಗಣಿತದ ಪುಸ್ತಕದ ಮುಂದೆ ಎಂದೂ ಕಂಡಿರಲಿಲ್ಲ. ತಪ್ಪೆಂದು ಹೇಳಿದವರು ನಾವಲ್ಲ, ಸೂರ್ಯನು. ಸೂರ್ಯನ ಮೇಲೆ ಸಿಟ್ಟಾಗುವುದಕ್ಕೆ ಕಾರಣವಿರಲಿಲ್ಲ.

ಅಷ್ಟರಲ್ಲಿ ಮರದ ಬುಡದಲ್ಲಿ ಬುತ್ತಿ ಬಿಚ್ಚುತ್ತಿದ್ದ ನಮ್ಮ ತಾಯಿಯವರು, ಶಾಲೆಯ ಮೆಟ್ಟಿಲನ್ನು ಹತ್ತದವರು, ಕೂತಲ್ಲಿಂದಲೇ ಹೇಳಿದರು: "ಕೋಲಿಗೆ ಮುಕ್ಕಾಲು ನೆರಳು ಬಿದ್ದೈತಿ, ತಮ್ಮಾ. ಸಣ್ಣ ಕೋಲಿಗೂ ಮುಕ್ಕಾಲೇ. ಮರಕ್ಕೂ ಮುಕ್ಕಾಲೇ ಬೀಳಬೇಕಲ್ಲ!" ಒಂಬತ್ತು ಮುಕ್ಕಾಲು ಪಾಲಾದರೆ ಕಾಲು ಪಾಲು ಮೂರು, ನಾಲ್ಕು ಕಾಲು ಸೇರಿದರೆ ಹನ್ನೆರಡು. ಮರದ ಎತ್ತರ ೧೨ ಮೀಟರು. ಜೀವಮಾನವೆಲ್ಲ ಜೋಳವನ್ನು ಸೇರು ಪಾವುಗಳಲ್ಲಿ ಅಳೆದ ಕೈಗೆ ಹೊಳೆದದ್ದು, ಸೂತ್ರವನ್ನು ಗೋಡೆಗೆ ಅಂಟಿಸಿದ ನಮಗೆ ಹೇಳಿಕೊಡಲು ಹೊಳೆದಿರಲಿಲ್ಲ.

ಹುಡುಗನಿಗೆ ಮುಕ್ಕಾಲು ಎಂಬ ಮಾತು ಗೊತ್ತಿತ್ತು. ಪುಸ್ತಕದ ನಾಲ್ಕನೆಯ ಮೂರು ಎಂಬ ಭಿನ್ನರಾಶಿಯೂ ಗೊತ್ತಿತ್ತು. ಇವೆರಡೂ ಒಂದೇ ಎಂಬುದು ಮಾತ್ರ ಗೊತ್ತಿರಲಿಲ್ಲ. ಅಂದು ರಾತ್ರಿ ಮೆಲ್ಲಗೆ ಕೇಳಿ ನೋಡಿದೆವು: ಮೂರನೆಯ ಒಂದು ದೊಡ್ಡದೋ, ನಾಲ್ಕನೆಯ ಒಂದು ದೊಡ್ಡದೋ? "ನಾಲ್ಕನೆಯ ಒಂದು, ನಾಲ್ಕು ದೊಡ್ಡದಲ್ಲ" ಎಂದನು. ಒಂದು ರೊಟ್ಟಿಯನ್ನು ಮೂರು ಸಮಪಾಲು, ಇನ್ನೊಂದನ್ನು ನಾಲ್ಕು ಸಮಪಾಲು ಮಾಡಿ ತಟ್ಟೆಯಲ್ಲಿಟ್ಟಾಗ, ಹಸಿದ ಹುಡುಗನು ಯಾವ ಚೂರನ್ನು ಎತ್ತಿಕೊಂಡನೆಂಬುದನ್ನು ವಾಚಕರು ಊಹಿಸಬಲ್ಲರು. ಒಂಬತ್ತನೆಯ ತರಗತಿಯ ಬೀಜಗಣಿತದಲ್ಲಿ ತೊಡಕೆಂದು ನಾವು ತಿಳಿದಿದ್ದುದು ನಿಜವಾಗಿ ನಾಲ್ಕೈದನೆಯ ತರಗತಿಯ ಭಿನ್ನರಾಶಿಯಲ್ಲಿ ಬಿದ್ದ ಗಂಟಾಗಿತ್ತು.

ಆ ಗಂಟು ಬಿದ್ದ ಕಾಲವೂ ತಿಳಿಯಿತು. ೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ ಅವನು ನಾಲ್ಕನೆಯ ತರಗತಿಯನ್ನು ಮುಗಿಸುತ್ತಿದ್ದನು. ಐದನೆಯದು ಬಹುಪಾಲು ಫೋನಿನ ಮುಂದೆ ಕಳೆಯಿತು. ಆ ವರ್ಷ ಸರಕಾರದ 'ವಿದ್ಯಾಗಮ' ಯೋಜನೆಯಲ್ಲಿ ಉಪಾಧ್ಯಾಯರು ದೇವಸ್ಥಾನದ ಜಗಲಿಗಳಲ್ಲಿ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಅದೂ ಕೆಲವೇ ತಿಂಗಳು ನಡೆಯಿತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದರವರೆಗಿನ ತರಗತಿಗಳು ಮರಳಿ ತೆರೆದದ್ದು ೨೦೨೧ರ ಅಕ್ಟೋಬರಿನಲ್ಲಿ. ಹೋದುದನ್ನು ತುಂಬಿಕೊಡುವುದಕ್ಕಾಗಿ ೨೦೨೨-೨೩ರಲ್ಲಿ 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮವನ್ನು ನಡೆಸಿದರಾದರೂ, ಪ್ರತಿಯೊಂದು ಮಗುವಿನ ಪ್ರತಿಯೊಂದು ಗಂಟನ್ನೂ ಬಿಡಿಸುವುದು ಯಾವ ಇಲಾಖೆಗೆ ಸಾಧ್ಯ? ಆ ವರ್ಷಗಳಲ್ಲಿ ಚಿಕ್ಕ ತರಗತಿಗಳಲ್ಲಿದ್ದ ಮಕ್ಕಳು ಮುಂದೆ ದೊಡ್ಡ ತರಗತಿಗಳಿಗೆ ಬಂದು ತಡವರಿಸಿದಾಗ, ತಾಯಿತಂದೆಗಳು ಕೋಪಿಸುವ ಮುನ್ನ ಈ ತಾರೀಖುಗಳನ್ನು ನೆನೆಯುವುದು ಒಳಿತು.

ಇತರ ವಿಷಯಗಳಿಗೂ ಗಣಿತಕ್ಕೂ ಇರುವ ಭೇದವು ಇದೇ. ಚರಿತ್ರೆಯಲ್ಲಿ ಒಂದು ರಾಜವಂಶದ ಪಾಠ ತಪ್ಪಿದರೆ ಮುಂದಿನ ವಂಶವನ್ನು ಓದಲು ಅಡ್ಡಿಯಿಲ್ಲ. ಗಣಿತವಾದರೋ ಬಾವಿಯ ಮೆಟ್ಟಿಲುಗಳಂತೆ. ನಡುವಣ ಒಂದು ಕಲ್ಲು ಕುಸಿದಿದ್ದರೆ ಮೇಲಿನ ಹತ್ತು ಕಲ್ಲುಗಳು ಗಟ್ಟಿಯಾಗಿದ್ದೂ ಪ್ರಯೋಜನವಿಲ್ಲ. ಆದಕಾರಣ ಹಿಂದುಳಿದ ಮಗುವಿಗೆ ಅದೇ ತರಗತಿಯ ಪಾಠವನ್ನೇ ಎರಡು ಸಲ, ಮೂರು ಸಲ ಹೇಳಿಸುವುದರಿಂದ ಆಯಾಸವೇ ಹೊರತು ಫಲವಿಲ್ಲ. ಕುಸಿದ ಕಲ್ಲು ಯಾವುದೆಂದು ಹುಡುಕುತ್ತ ಕೆಳಗೆ ಇಳಿಯಬೇಕು. ನಮ್ಮ ಹುಡುಗನಿಗೆ ಐದನೆಯ ತರಗತಿಯ ಪುಸ್ತಕವನ್ನು ಕೊಡುವಾಗ ಅವಮಾನವಾದೀತೆಂಬ ಭಯವಿತ್ತು. ಅದಕ್ಕೆ ಏಳನೆಯ ತರಗತಿಯ ತಂಗಿಗೆ ನೀನೇ ಹೇಳಿಕೊಡೆಂದು ಒಪ್ಪಿಸಿದೆವು. ಕಲಿಸುವವನಾಗಿ ಕೂತವನು ತಾನೇ ಕಲಿತನು. ಈ ಉಪಾಯವನ್ನು ಅಣ್ಣತಂಗಿಯರಿರುವ ಮನೆಗಳಲ್ಲಿ ಪ್ರಯೋಗಿಸಿ ನೋಡಬಹುದು.

ನಮ್ಮ ನಾಡಿಗೆ ಲೆಕ್ಕವು ಹೊರಗಿನಿಂದ ಬಂದ ವಿದ್ಯೆಯಲ್ಲ. ಸುಮಾರು ೮೫೦ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಗಣಿತವು ಬೇಕಾದ ಕಡೆಗಳನ್ನು ಅವನು ಗ್ರಂಥಾರಂಭದಲ್ಲಿ ಎಣಿಸುವಾಗ ಸಂಗೀತ, ವೈದ್ಯ, ವಾಸ್ತುವಿದ್ಯೆಗಳ ಜೊತೆಗೆ ಅಡಿಗೆಯ ಶಾಸ್ತ್ರವನ್ನೂ ಸೇರಿಸಿರುವುದನ್ನು ಗೃಹಿಣಿಯರು ಗಮನಿಸಬೇಕು. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಹಿಂದಿನ ಕೂಲಿಮಠಗಳಲ್ಲಿ ಹುಡುಗರು ಎರಡರ ಮಗ್ಗಿ, ಮೂರರ ಮಗ್ಗಿಗಳಲ್ಲದೆ ಕಾಲು, ಅರೆ, ಮುಕ್ಕಾಲು, ಒಂದೂವರೆಗಳ ಮಗ್ಗಿಯನ್ನೂ ಹೇಳುತ್ತಿದ್ದರು. ಬಾಯಿಪಾಠ ಮಾತ್ರದಿಂದ ಬುದ್ಧಿ ಬೆಳೆಯದೆಂಬ ಆಕ್ಷೇಪಣೆಯು ಸರಿಯೇ. ಆದರೂ ಭಿನ್ನರಾಶಿಯು ಅವರಿಗೆ ಭಯದ ವಸ್ತುವಾಗಿರಲಿಲ್ಲ, ನಾಲಗೆಯ ಮೇಲಿನ ಮಾತಾಗಿತ್ತು.

ಆ ಮಾತುಗಳು ನಮ್ಮ ಮನೆಗಳಲ್ಲಿ ಈಗಲೂ ಇವೆ. ಪುಸ್ತಕಕ್ಕೂ ಅವುಗಳಿಗೂ ಸಂಬಂಧ ಕಲ್ಪಿಸಿಕೊಡುವುದಷ್ಟೇ ನಮ್ಮ ಕೆಲಸ. ಭದ್ರಾ ಕಾಲುವೆಯ ನೀರುಣ್ಣುವ ಈ ಸೀಮೆಯ ರೈತರ ಮಕ್ಕಳಿಗೆ ಗುಂಟೆಯೆಂದರೆ ಗೊತ್ತು. ಒಂದು ಗುಂಟೆಯು ೩೩ ಅಡಿ ಉದ್ದ, ೩೩ ಅಡಿ ಅಗಲದ ಚೌಕ, ಎಂದರೆ ೧,೦೮೯ ಚದರಡಿ. ೪೦ ಗುಂಟೆಗೆ ಒಂದು ಎಕರೆ, ೪೩,೫೬೦ ಚದರಡಿ. ೬೬ ಅಡಿ ಅಗಲ, ೯೯ ಅಡಿ ಉದ್ದದ ತಾಕು ಎಷ್ಟು ಗುಂಟೆಯೆಂದು ಕೇಳಿದರೆ, ಅಗಲದಲ್ಲಿ ಎರಡು ಚೌಕ, ಉದ್ದದಲ್ಲಿ ಮೂರು, ಒಟ್ಟು ಆರೆಂದು ರೈತನ ಮಗನು ಮನಸ್ಸಿನಲ್ಲಿಯೇ ಕಾಣಬಲ್ಲನು. ಸುತ್ತಳತೆಗೂ ವಿಸ್ತೀರ್ಣಕ್ಕೂ ಗೊಂದಲಪಡುವ ಮಗುವಿಗೆ ಬೇಲಿಗೆ ಬೇಕಾದ ತಂತಿಯೆಷ್ಟು, ಬಿತ್ತುವ ನೆಲವೆಷ್ಟು ಎಂದು ಕೇಳಿದರೆ ಗೊಂದಲವು ತಾನಾಗಿ ಅಳಿಯುತ್ತದೆ.

ಋಣ ಸಂಖ್ಯೆಗಳೂ ಹಾಗೆಯೇ. ಬ್ರಹ್ಮಗುಪ್ತನು ೬೨೮ರಷ್ಟು ಹಿಂದೆಯೇ ಧನವನ್ನು ಸಂಪತ್ತೆಂದೂ ಋಣವನ್ನು ಸಾಲವೆಂದೂ ಭಾವಿಸಿ ನಿಯಮಗಳನ್ನು ಹೇಳಿದನು. ಋಣ ಐದನ್ನು ಕಳೆದರೆ ಐದನ್ನು ಕೂಡಿದಂತೆ ಆಗುವುದೇಕೆಂದು ನಮ್ಮ ಹುಡುಗನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದನು. "ಅಂಗಡಿಯವನು ನಿನ್ನ ಐದು ರೂಪಾಯಿ ಸಾಲವನ್ನು ಹೊಡೆದುಹಾಕಿದರೆ ನಿನಗೆ ಲಾಭವೋ ನಷ್ಟವೋ?" ಎಂದು ಕೇಳಿದಾಗ ನಕ್ಕುಬಿಟ್ಟನು.

ಇನ್ನು ವಿಜ್ಞಾನದ ವಿಚಾರ. ಇಲ್ಲಿ ಮಕ್ಕಳನ್ನು ಕಾಡುವುದು ಎರಡು: ಒಳಗೆ ಅಡಗಿರುವ ಗಣಿತ, ಮತ್ತು ಅರ್ಥವಾಗದ ಪಾರಿಭಾಷಿಕ ಪದ. 'ಏಕಮಾನ ಗಾತ್ರದಲ್ಲಿರುವ ದ್ರವ್ಯರಾಶಿಯೇ ಸಾಂದ್ರತೆ' ಎಂದು ಕಂಠಪಾಠ ಮಾಡಿದ ಹುಡುಗನು ಸಾಂದ್ರತೆಯನ್ನು ಕಂಡಿರುವುದಿಲ್ಲ. ದಾವಣಗೆರೆಯಂಥ ಮಂಡಕ್ಕಿಯ ಊರಿನಲ್ಲಿ ಅದನ್ನು ಕಾಣಿಸಲು ಪ್ರಯೋಗಶಾಲೆ ಬೇಕೆ? ಒಂದೇ ಪಾತ್ರೆಯಲ್ಲಿ ಒಮ್ಮೆ ಅಕ್ಕಿಯನ್ನೂ ಒಮ್ಮೆ ಮಂಡಕ್ಕಿಯನ್ನೂ ತುಂಬಿ ತಕ್ಕಡಿಯಲ್ಲಿ ತೂಗಿಸಿದೆವು. ಗಾತ್ರ ಒಂದೇ, ತೂಕ ಬೇರೆ. ತೂಕವನ್ನು ಗಾತ್ರದಿಂದ ಭಾಗಿಸೆಂದೆವು. ಎರಡು ಸಂಖ್ಯೆಗಳು ಬಂದುವು. ಅವುಗಳ ಹೆಸರೇ ಸಾಂದ್ರತೆಯೆಂದು ಕೊನೆಯಲ್ಲಿ ಹೇಳಿದೆವು. ಮೊದಲು ವಸ್ತು, ಆಮೇಲೆ ಅಳತೆ, ಕಡೆಗೆ ಹೆಸರು: ಈ ಕ್ರಮವನ್ನು ತಲೆಕೆಳಗು ಮಾಡಿರುವುದರಿಂದಲೇ ವಿಜ್ಞಾನವು ಎಷ್ಟೋ ಮಕ್ಕಳಿಗೆ ಮಂತ್ರದಂತೆ ಕೇಳಿಸುತ್ತದೆ.

ಮಂಡಕ್ಕಿ ಏಕೆ ಅರಳುತ್ತದೆಂದು ಕೇಳಿದವಳು ಹುಡುಗನ ತಂಗಿ. ಭತ್ತವನ್ನು ನೆನೆಸಿ ಬಿಸಿ ಮಾಡಿ ಒಣಗಿಸಿ ಹೊಟ್ಟು ತೆಗೆದ ಅಕ್ಕಿಯನ್ನು ಭಟ್ಟಿಯ ಕಾದ ಮರಳಿನಲ್ಲಿ ಹುರಿಯುವಾಗ, ಕಾಳಿನೊಳಗೆ ಉಳಿದಿದ್ದ ಕೊಂಚ ನೀರು ಒಮ್ಮೆಗೇ ಆವಿಯಾಗುತ್ತದೆ. ಕುದಿಯುವ ನೀರು ಆವಿಯಾದರೆ ಅದರ ಗಾತ್ರವು ಸುಮಾರು ೧,೬೦೦ ಪಟ್ಟಿಗೂ ಮೀರಿ ಹಿಗ್ಗುತ್ತದೆ. ಮೆತ್ತಗಾದ ಪಿಷ್ಟವನ್ನು ಆ ಆವಿಯು ಉಬ್ಬಿಸುತ್ತದೆ. ಅದೇ ಆವಿಯು ರೈಲಿನ ಎಂಜಿನ್ನುಗಳನ್ನು ಎಳೆದ ಕಥೆಗೆ ಇಲ್ಲಿಂದ ಒಂದೇ ಹೆಜ್ಜೆ. ಇಂಥ ಪ್ರಶ್ನೆಯನ್ನು ಕೇಳಿದ ಹೆಣ್ಣುಮಗುವಿಗೆ "ನಿನಗೇಕೆ ಇದೆಲ್ಲ" ಎನ್ನುವ ಮನೆಗಳು ಇನ್ನೂ ಇವೆ. ಪ್ರಶ್ನೆ ಕೇಳುವವಳನ್ನು ಸುಮ್ಮನಿರಿಸಿ, ಕೇಳದವನಿಗೆ ಮನೆಪಾಠ ಹೇಳಿಸುವುದು ಎಂಥ ಗೃಹನೀತಿಯೋ ತಿಳಿಯದು.

ತಾಯ್ನುಡಿಯಲ್ಲಿ ಓದುವುದಕ್ಕೆ ಸಾಹಿತ್ಯವಿಲ್ಲವೆಂಬ ಕೊರತೆಯೂ ಪೂರ್ತಿ ನಿಜವಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ೧೯೧೮ರಲ್ಲಿಯೇ 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ೧೯೮೦ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲವಿಜ್ಞಾನ'ವನ್ನು ಮಕ್ಕಳಿಗಾಗಿಯೇ ಪ್ರಕಟಿಸುತ್ತ ಬಂದಿತು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಒಂದು ಕಲ್ಪನೆಯನ್ನು ಮೊದಲು ಮನೆಯ ಮಾತಿನಲ್ಲಿ ತಿಳಿಸಿ, ಆಮೇಲೆ ಪುಸ್ತಕದ ಪದವನ್ನು ಕಲಿಸಿದರೆ ಹಾನಿಯೇನೂ ಇಲ್ಲ, ಲಾಭವೇ ಹೆಚ್ಚು.

ಇಷ್ಟರಿಂದ ನಾವು ಕಲಿತ ಕೆಲವು ಮಾತುಗಳನ್ನು ಗೃಹಸ್ಥರಿಗೆ ನಿವೇದಿಸುತ್ತೇವೆ. ಮಗುವಿನ ಉತ್ತರವು ತಪ್ಪಾದಾಗ, ಹೇಗೆ ಬಂತೆಂದು ಮೊದಲು ಕೇಳತಕ್ಕದ್ದು. ಉತ್ತರವು ಸರಿಯಾದಾಗಲೂ ಕೇಳತಕ್ಕದ್ದು, ಇಲ್ಲವಾದರೆ ಪ್ರಶ್ನೆಯೇ ತಪ್ಪಿನ ಸೂಚನೆಯೆಂದು ಮಗುವು ತಿಳಿಯುತ್ತದೆ. ತೊಡಕನ್ನು ಹುಡುಕುತ್ತ ಕೆಳ ತರಗತಿಗೆ ಇಳಿಯಲು ಸಂಕೋಚಪಡಬಾರದು. ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ಪ್ರತಿದಿನವೂ ಇರಬೇಕು. ಲೆಕ್ಕ ಹೇಳಿಕೊಡುವ ಹೊತ್ತಿನಲ್ಲಿ ನೆರೆಮನೆಯ ಮಕ್ಕಳ ಹೆಸರನ್ನು ಎತ್ತಬಾರದು. ನಮಗೇ ತಿಳಿಯದಿದ್ದರೆ "ನನಗೂ ಗೊತ್ತಿಲ್ಲ, ಕೂಡಿ ನೋಡೋಣ" ಎನ್ನಲು ಹಿರಿಯರ ಮಾನಕ್ಕೆ ಕುಂದಿಲ್ಲ. ಮುಖ್ಯವಾಗಿ, ಕಂಡ ತೊಡಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಶಾಲೆಯ ಉಪಾಧ್ಯಾಯರನ್ನು ಕಾಣಬೇಕು. "ನಮ್ಮ ಹುಡುಗ ಹಿಂದಿದ್ದಾನೆ" ಎಂದರೆ ಅವರೇನು ಮಾಡಿಯಾರು? "ಅನುಪಾತದಲ್ಲಿ ಕೂಡಿಸಿ ಹೋಲಿಸುತ್ತಾನೆ" ಎಂದರೆ ಅವರಿಗೆ ದಾರಿ ಕಾಣುತ್ತದೆ. ನಾವು ಹಾಗೆ ಹೇಳಿದಾಗ ಆ ಉಪಾಧ್ಯಾಯರು ಸಂತೋಷಪಟ್ಟು ಅದೇ ತೊಡಕುಳ್ಳ ಇನ್ನೂ ಕೆಲವು ಮಕ್ಕಳನ್ನು ಗುರುತಿಸಿ ಒಟ್ಟಿಗೆ ಕೂರಿಸಿದರು.

ಪರೀಕ್ಷೆಯ ಭಯವು ಸ್ವಾಭಾವಿಕ. ಆದರೆ ೨೦೨೪ರಿಂದ ಹತ್ತನೆಯ ತರಗತಿಯವರಿಗೆ ಒಂದೇ ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆಗೆ ಕೂಡುವ ಅವಕಾಶವನ್ನು ನಮ್ಮ ರಾಜ್ಯದ ಪರೀಕ್ಷಾ ಮಂಡಳಿಯು ಕಲ್ಪಿಸಿದೆ. ಒಂದು ಸಲದ ಸೋಲು ಬಾಳಿನ ಸೋಲಲ್ಲವೆಂದು ಮಕ್ಕಳಿಗೆ ಪರೀಕ್ಷೆಗೆ ಮುಂಚೆಯೇ ತಿಳಿಸಿಡಬೇಕು. ಫಲಿತಾಂಶದ ದಿನ ಹೇಳಿದರೆ ಅದು ಬರಿಯ ಸಮಾಧಾನದ ಮಾತಾಗಿಬಿಡುತ್ತದೆ.

ನಮ್ಮ ಹುಡುಗನು ಈಗ ಗಣಿತದಲ್ಲಿ ಮೊದಲಿಗನಾಗಿದ್ದಾನೆಂದು ಬರೆದರೆ ಸುಳ್ಳಾದೀತು. ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ೮೦ಕ್ಕೆ ೩೭ ಬಂದುವು. ಅಂಗಡಿಯ ಮಾತನ್ನು ಅವನ ತಂದೆಯು ಸದ್ಯಕ್ಕೆ ಎತ್ತಿಲ್ಲ. ಅಂಕಪಟ್ಟಿ ಬಂದ ಸಂಜೆ ಹುಡುಗನು ಅದನ್ನು ಮೊದಲು ಒಯ್ದು ತೋರಿಸಿದುದು ಅಜ್ಜಿಗೆ. ಅವರಿಗೆ ಅಂಕಿಗಳನ್ನು ಓದಲು ಬಾರದು. "ಎಂಬತ್ತರಾಗ ಅರ್ಧಕ್ಕೆ ಮೂರು ಕಡಿಮಿ, ಅಜ್ಜಿ" ಎಂದು ಅವನೇ ತಿಳಿಸಿದನು. "ಹಂಗಾದರೆ ಮುಂದಿನ ಸಲ ಮುಕ್ಕಾಲು ಮಾಡು" ಎಂದರು ಅವರು. ಮುಕ್ಕಾಲೆಂದರೆ ಅರವತ್ತೆಂದು ಹುಡುಗನು ತಕ್ಷಣ ಹೇಳಿದನು. ಹೇಳುವಾಗ ತಲೆ ತಗ್ಗಿಸಿರಲಿಲ್ಲ. ನಮ್ಮ ವಾಚಕರ ಮನೆಗಳಲ್ಲಿಯೂ ತಲೆ ತಗ್ಗಿಸಿ ಕೂತ ಒಂದು ಮಗುವು ಇದ್ದರೆ, ತೀರ್ಪನ್ನು ಕೆಲವು ತಿಂಗಳು ತಡೆಹಿಡಿದು, ಒಂದು ಕೋಲನ್ನೂ ಒಂದು ರೊಟ್ಟಿಯನ್ನೂ ಹಿಡಿದು ಅದರ ಪಕ್ಕದಲ್ಲಿ ಕೂರಬೇಕೆಂಬುದೇ ನಮ್ಮ ವಿಜ್ಞಾಪನೆ.